ಅಪ್ಪನ ಪೆನ್ಷನ್ ನಿಂತಿತು, ಅವ್ವನದು ಶುರುವಾಗಿಲ್ಲ: ಹೆಸರು ತಾಳೆಯಾಗದಿದ್ದರೆ ಏನು ಮಾಡಬೇಕು?

ಪ್ರಶ್ನೆ: ನಮ್ಮದು ಬೈಲಹೊಂಗಲ ತಾಲ್ಲೂಕಿನ ಹಳ್ಳಿ. ಅಪ್ಪ ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲಿ 22 ವರ್ಷ ಇದ್ದು, 1994ರಲ್ಲಿ ಹವಾಲ್ದಾರ್ ಆಗಿ ನಿವೃತ್ತಿಯಾದರು. ಎಂಟು ತಿಂಗಳ ಹಿಂದೆ, 71ನೇ ವಯಸ್ಸಿನಲ್ಲಿ ತೀರಿಕೊಂಡರು. ಆಮೇಲೆ ಮೂರು ತಿಂಗಳು ಅವರ ಪೆನ್ಷನ್ ಖಾತೆಗೆ ಬಂತು, ಆಸ್ಪತ್ರೆ ಸಾಲಕ್ಕೆ ನಾವು ಎಟಿಎಂನಿಂದ ತೆಗೆದೆವು. ಈಗ ಪೆನ್ಷನ್ ನಿಂತಿದೆ. ಬ್ಯಾಂಕಿನವರು ಅವ್ವನ ಹೆಸರು ಬೇರೆ ಬೇರೆ ಇದೆ ಅನ್ನುತ್ತಾರೆ. ಸೇನೆ ಬಿಡುವಾಗ ಅಪ್ಪನಿಗೆ ಕೊಟ್ಟ ಡಿಸ್ಚಾರ್ಜ್ ಬುಕ್ಕಿನಲ್ಲಿ ‘ಗಂಗೂಬಾಯಿ’, ಹುಟ್ಟಿದ್ದು 1957. ಆಧಾರ್‌ನಲ್ಲಿ ‘ಗಂಗವ್ವ’, 1961ರ ಜನವರಿ 1. ಪರಿಚಯದ ಒಬ್ಬರು 25 ಸಾವಿರ ಕೊಟ್ಟರೆ ಎಲ್ಲಾ ಮಾಡಿಸಿಕೊಡ್ತೀನಿ ಅಂತಾರೆ. ಇನ್ನೊಬ್ಬರು, ಮೂರು ತಿಂಗಳ ದುಡ್ಡು ತೆಗೆದಿದ್ದಕ್ಕೆ ಕೇಸ್ ಆಗುತ್ತೆ, ಸುಮ್ನೆ ಇದ್ದುಬಿಡಿ ಅಂತಾರೆ. ಗಂಡನನ್ನು ಬಿಟ್ಟು ಬಂದ ಅಕ್ಕ ನಮ್ಮ ಜೊತೆಗೇ ಇದ್ದಾಳೆ, ಮುಂದೆ ಅವಳಿಗೆ ಏನಾದರೂ ಸಿಗುತ್ತಾ? ದಾರಿ ತೋರಿಸಿ ಸರ್.

ಉತ್ತರ:

ಮೊದಲು ಒಂದು ಮಾತು ಹೇಳಿಬಿಡುತ್ತೇನೆ, ಇವತ್ತು ರಾತ್ರಿ ನಿದ್ದೆಯಾದರೂ ಬರಲಿ. ನಿಮ್ಮ ಅವ್ವನ ಕುಟುಂಬ ಪಿಂಚಣಿ ಎಲ್ಲೂ ಹೋಗಿಲ್ಲ. ಅಪ್ಪ ತೀರಿಕೊಂಡ ದಿನದವರೆಗೆ ಅವರ ಪೆನ್ಷನ್, ಮರುದಿನದಿಂದ ಅವ್ವನದು, ಲೆಕ್ಕ ಇರುವುದೇ ಹಾಗೆ. ಶುರುವಾಗುವುದು ತಡವಾದರೂ ಹಿಂದಿನ ತಿಂಗಳುಗಳದ್ದು ಬಾಕಿಯಾಗಿ ಒಟ್ಟಿಗೆ ಬರುತ್ತದೆ. ಹಾಗಾಗಿ ನಿಮ್ಮ ಮುಂದಿರುವ ಪ್ರಶ್ನೆ ‘ಸಿಗುತ್ತಾ ಇಲ್ವಾ’ ಅನ್ನುವುದಲ್ಲ, ‘ಗಂಗೂಬಾಯಿ ಮತ್ತು ಗಂಗವ್ವ ಒಬ್ಬರೇ’ ಅಂತ ಕಾಗದದ ಮೇಲೆ ತೋರಿಸುವುದು ಹೇಗೆ ಅನ್ನುವುದು.

ನಾನು ಸೇನೆಯಲ್ಲಿ ಕ್ಲರ್ಕ್ ಆಗಿದ್ದವನು, ಕೊನೆಯ ಕೆಲವು ವರ್ಷ ಸೈನಿಕರ ದಾಖಲೆ ಇಡುವ ರೆಕಾರ್ಡ್ಸ್ ಆಫೀಸಿನಲ್ಲೇ ಕಳೆದೆ. ನಿವೃತ್ತಿಯ ನಂತರ ಇಂಥ ಕಡತಗಳನ್ನೇ ನೋಡುತ್ತಾ ಬಂದಿದ್ದೇನೆ. ನನ್ನ ಹತ್ತಿರ ಬರುವ ಹತ್ತು ಜನ ವಿಧವೆಯರಲ್ಲಿ ಆರೇಳು ಜನರ ತೊಂದರೆ ಇದೇ. ಹಕ್ಕಿನ ಬಗ್ಗೆ ಯಾರಿಗೂ ತಕರಾರಿಲ್ಲ, ಹೆಸರಿನ ಒಂದು ಅಕ್ಷರದಲ್ಲಿ ಎಲ್ಲಾ ನಿಂತಿರುತ್ತದೆ.

ಮೂರು ತಿಂಗಳ ದುಡ್ಡು

ಇದೇ ನಿಮ್ಮ ದೊಡ್ಡ ಭಯ ಅಂತ ಕಾಣುತ್ತದೆ, ಅದಕ್ಕೇ ಇದನ್ನು ಮೊದಲು ಮುಗಿಸೋಣ. ತೀರಿಕೊಂಡವರ ಪೆನ್ಷನ್ ತೆಗೆಯುವುದು ತಪ್ಪು, ಅದು ವಾಪಸ್ ಕೊಡಬೇಕಾದ ಹಣ, ಅದರಲ್ಲಿ ಅನುಮಾನ ಬೇಡ. ಆದರೆ ಸಾವಿನ ವಿಷಯವನ್ನು ನೀವೇ ತಿಳಿಸಿ, ಇಷ್ಟು ಜಾಸ್ತಿ ಬಂದಿದೆ ಅಂತ ಬರೆದುಕೊಟ್ಟರೆ ಸಾಮಾನ್ಯವಾಗಿ ಅದನ್ನು ಬಾಕಿಯಲ್ಲಿ ಹೊಂದಿಸಿಕೊಳ್ಳುತ್ತಾರೆ. ತೊಂದರೆಯಾಗುವುದು ಮುಚ್ಚಿಟ್ಟವರಿಗೆ. ಅಪ್ಪನ ಹೆಸರಿನಲ್ಲಿ ಜೀವನ್ ಪ್ರಮಾಣ್ (ಪಿಂಚಣಿದಾರ ಬದುಕಿದ್ದಾನೆ ಅನ್ನುವ ಪ್ರಮಾಣಪತ್ರ) ಮಾಡಿಸಿ ವರ್ಷಗಟ್ಟಲೆ ಎಳೆದವರನ್ನೂ ನೋಡಿದ್ದೇನೆ, ಅದು ಸೀದಾ ಮೋಸ, ಅಲ್ಲಿ ಯಾರೂ ಕೈ ಹಿಡಿಯಲಾರರು.

ನಿಮ್ಮ ವಿಷಯದಲ್ಲಿ ಸಣ್ಣ ಲೆಕ್ಕ ಹಾಕಿ ನೋಡಿ. ಪೆನ್ಷನ್ ಅಂದರೆ ಸಂಬಳದ ಶೇ. 50, ಸಾಮಾನ್ಯ ಕುಟುಂಬ ಪಿಂಚಣಿ ಅಂದರೆ ಶೇ. 30. ಅಂದರೆ ಅಪ್ಪನಿಗೆ ಹತ್ತು ರೂಪಾಯಿ ಬರುತ್ತಿದ್ದರೆ ಅವ್ವನಿಗೆ ಸುಮಾರು ಆರು. ನೀವು ತೆಗೆದದ್ದು ಮೂರು ತಿಂಗಳು, ಅಂದರೆ ಮೂವತ್ತು. ಅವ್ವನಿಗೆ ಇವತ್ತಿಗೆ ಬರಬೇಕಾದದ್ದು ಎಂಟು ತಿಂಗಳು, ಅಂದರೆ ನಲವತ್ತೆಂಟು. ಮುರಿದುಕೊಂಡರೂ ಹದಿನೆಂಟು ಕೈಗೆ ಉಳಿಯುತ್ತದೆ! ಸುಮ್ನೆ ಕೂತರೆ ಆ ಮೂವತ್ತು ಸಾಲವಾಗಿಯೇ ಉಳಿಯುತ್ತದೆ, ನಲವತ್ತೆಂಟು ಬರುವುದೇ ಇಲ್ಲ. ‘ಸುಮ್ನೆ ಇದ್ದುಬಿಡಿ’ ಅಂದವರಿಗೆ ಈ ಲೆಕ್ಕ ತೋರಿಸಿ.

ಪೆನ್ಷನ್ ನಿಂತದ್ದಕ್ಕೆ ಯಾರೋ ದೂರು ಕೊಟ್ಟಿರಬೇಕು ಅಂತ ತಲೆ ಕೆಡಿಸಿಕೊಳ್ಳಬೇಡಿ. ವರ್ಷಕ್ಕೊಮ್ಮೆ ‘ನಾನು ಬದುಕಿದ್ದೇನೆ’ ಅಂತ ಗುರುತು ತೋರಿಸದಿದ್ದರೆ ಅದು ತಾನಾಗಿಯೇ ನಿಲ್ಲುತ್ತದೆ. ನಿಮ್ಮಲ್ಲೂ ಬಹುಶಃ ಅದೇ ಆಗಿದೆ.

ಎಷ್ಟು ಬರುತ್ತದೆ?

‘ಗಂಡನ ಪೂರ್ತಿ ಪೆನ್ಷನ್ ಏಳು ವರ್ಷ ಬರುತ್ತೆ’ ಅಂತ ಊರಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಅರ್ಧ ನಿಜ. ನಿವೃತ್ತಿಯಾದ ಮೇಲೆ ತೀರಿಕೊಂಡರೆ ಏಳು ವರ್ಷ, ಇಲ್ಲವೇ ಅವರಿಗೆ 67 ತುಂಬುತ್ತಿದ್ದ ದಿನದವರೆಗೆ, ಇವೆರಡರಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ ಹೆಚ್ಚಿನ ದರ. ನಿಮ್ಮ ಅಪ್ಪ 71ಕ್ಕೆ ಹೋದರು, ಹಾಗಾಗಿ ಅವ್ವನಿಗೆ ಮೊದಲ ದಿನದಿಂದಲೇ ಶೇ. 30ರ ದರ. ಬೇಸರವಾಗಬಹುದು, ಆದರೆ ಈಗಲೇ ಗೊತ್ತಿದ್ದರೆ ಒಳ್ಳೆಯದು. ಎಷ್ಟೇ ಕಡಿಮೆ ಬಂದರೂ ಮೂಲ ಕುಟುಂಬ ಪಿಂಚಣಿ ತಿಂಗಳಿಗೆ 9,000 ರೂಪಾಯಿಗಿಂತ ಕೆಳಗೆ ಇಳಿಯುವುದಿಲ್ಲ, ತುಟ್ಟಿಭತ್ಯೆ ಅದರ ಮೇಲೆ ಬೇರೆ.

ಇನ್ನೊಂದು ತಪ್ಪು ತಿಳಿವಳಿಕೆ, ‘ಒಂದು ಶ್ರೇಣಿ ಒಂದು ಪಿಂಚಣಿ’ (ಒಂದೇ ಶ್ರೇಣಿ, ಅಷ್ಟೇ ವರ್ಷ ಸೇವೆ ಇದ್ದವರಿಗೆ, ಯಾವಾಗ ನಿವೃತ್ತಿಯಾಗಿದ್ದರೂ ಒಂದೇ ಪೆನ್ಷನ್) ಬರೀ ಬದುಕಿರುವ ಸೈನಿಕರಿಗೆ ಅನ್ನುವುದು. ಹಾಗಲ್ಲ, ವಿಧವೆಯರಿಗೂ ಇದೆ. 2014ರ ಜುಲೈ 1ರಿಂದ ಜಾರಿಗೆ ಬಂತು, ಐದು ವರ್ಷಕ್ಕೊಮ್ಮೆ ಪರಿಷ್ಕರಣೆ ಆಗುತ್ತದೆ, 2019ರಲ್ಲಿ ಒಮ್ಮೆ, 2024ರಲ್ಲಿ ಇನ್ನೊಮ್ಮೆ ಆಗಿದೆ. 1994ರಲ್ಲಿ ಬಿಟ್ಟ ಹವಾಲ್ದಾರನ ಹೆಂಡತಿಗೂ ಅದೇ ಪಟ್ಟಿಯಂತೆ ಲೆಕ್ಕ. ಆ ಪಟ್ಟಿ ನಿಂತಿರುವುದು ರ‍್ಯಾಂಕು, ಗ್ರೂಪು (ಸೇನೆಯಲ್ಲಿ ಮಾಡುತ್ತಿದ್ದ ಕೆಲಸದ ವರ್ಗ), ಸೇವೆಯ ವರ್ಷ ಈ ಮೂರರ ಮೇಲೆ, ಅದಕ್ಕೇ ಈ ಮೂರನ್ನು ನೆನಪಿಡಿ, ಕೊನೆಯಲ್ಲಿ ಬೇಕಾಗುತ್ತದೆ.

ಅಪ್ಪ ನಿವೃತ್ತಿಯಾಗುವಾಗ ಒಂದಷ್ಟು ಪೆನ್ಷನ್ ಮಾರಿಕೊಂಡು ಗಂಟು ಹಣ ತಗೊಂಡಿರಬಹುದು, ಬಹುತೇಕ ಎಲ್ಲರೂ ತಗೊಳ್ಳುತ್ತಾರೆ. ಅದನ್ನು ಅವ್ವನ ಪಿಂಚಣಿಯಿಂದ ಮುರಿಯುವ ಹಾಗಿಲ್ಲ. ಅಪ್ಪನಿಗೆ ಅಂಗವೈಕಲ್ಯದ ಪೆನ್ಷನ್ ಬರುತ್ತಿದ್ದು, ಅದೇ ಕಾಯಿಲೆಯಿಂದ ತೀರಿಕೊಂಡಿದ್ದರೆ ಮಾತ್ರ ನನಗೆ ಮತ್ತೆ ಬರೆಯಿರಿ. ಸೇವೆಯ ಕಾರಣದಿಂದ ಬಂದ ಸಾವಿಗೆ ವಿಶೇಷ ಕುಟುಂಬ ಪಿಂಚಣಿ ಅಂತ ಇದೆ, ಅದು ಶೇ. 60, ಅದರ ದಾರಿಯೇ ಬೇರೆ.

ಗಂಗವ್ವ ಗಂಗೂಬಾಯಿ ಆದದ್ದು ಹೇಗೆ

ಅವ್ವನ ತಪ್ಪು ಏನೂ ಇಲ್ಲ, ಅಪ್ಪನದೂ ಇಲ್ಲ. ನಿಜ ಹೇಳಬೇಕಂದರೆ ನಮ್ಮಂಥ ಕ್ಲರ್ಕುಗಳದ್ದು. ಜವಾನ ಮದುವೆ ಮಾಡಿಕೊಂಡು ರಜೆಯಿಂದ ವಾಪಸ್ ಬರುತ್ತಾನೆ, ಕಂಪನಿ ಆಫೀಸಿನಲ್ಲಿ ಹೆಂಡತಿಯ ಹೆಸರು ಹೇಳುತ್ತಾನೆ. ಅಲ್ಲಿ ಕೂತ ಕ್ಲರ್ಕ್ ಮರಾಠಿಯವನೋ ಹಿಂದಿಯವನೋ ಆಗಿದ್ದರೆ ಗಂಗವ್ವ ಅವನ ಕಿವಿಯಲ್ಲಿ ಗಂಗೂಬಾಯಿ ಆಗುತ್ತಾಳೆ. ಅದೇ ಹೆಸರು ಪಾರ್ಟ್ ಟೂ ಆರ್ಡರಿನಲ್ಲಿ (ಜವಾನರ ಮದುವೆ, ಮಕ್ಕಳಂಥ ವಿವರ ದಾಖಲಿಸುವ ಆದೇಶ) ಅಚ್ಚಾಗಿ ರೆಕಾರ್ಡ್ಸಿಗೆ ಹೋಗಿ ಕೂರುತ್ತದೆ. ನಾನೂ ಬಿಹಾರದ ಹುಡುಗರ ಹೆಂಡಿರ ಹೆಸರನ್ನು ಏನೇನೋ ಬರೆದಿರುತ್ತೇನೆ, ಈಗ ಅಲ್ಲಿ ಯಾರ ಮನೆಯಲ್ಲಿ ಯಾರು ನನ್ನನ್ನು ಬೈಯುತ್ತಿದ್ದಾರೋ.

ಆಮೇಲೆ ಎರಡನೇ ಕೈ, ಆಧಾರ್ ಮಾಡಿದ ಹುಡುಗನದು. ಅವ್ವಂಗೆ ಎಷ್ಟು ವಯಸ್ಸು ಅಂತ ಕೇಳಿದ್ದಾನೆ, ಐವತ್ತರ ಆಸುಪಾಸು ಅಂದಿದ್ದೀರಿ, ಅವನು ಒಂದು ವರ್ಷ ಹಾಕಿ ಜನವರಿ 1 ಅಂತ ಒತ್ತಿದ್ದಾನೆ. ನಮ್ಮ ಕಡೆ ಅರ್ಧ ಹಳ್ಳಿ ಹುಟ್ಟಿದ್ದೇ ಜನವರಿ ಒಂದಕ್ಕೆ, ಅಲ್ವಾ.

ಮೊದಲೂ ಇದು ಹೀಗೇ ಇತ್ತು, ಆದರೆ ಇಷ್ಟು ಕಾಡುತ್ತಿರಲಿಲ್ಲ. ಪೆನ್ಷನ್ ಬ್ಯಾಂಕಿನ ಶಾಖೆಯಿಂದ ಬರುತ್ತಿದ್ದಾಗ ಅಲ್ಲಿನ ಮ್ಯಾನೇಜರಿಗೆ ಹವಾಲ್ದಾರರ ಹೆಂಡತಿ ಯಾರು ಅಂತ ಮುಖ ನೋಡಿ ಗೊತ್ತಿರುತ್ತಿತ್ತು. 2021ರ ಆಚೆಗೆ ರಕ್ಷಣಾ ಪಿಂಚಣಿಗಳು ಒಂದೊಂದಾಗಿ ‘ಸ್ಪರ್ಶ್’ ಅನ್ನುವ ವ್ಯವಸ್ಥೆಗೆ ಬಂದವು, ಪ್ರಯಾಗರಾಜ್‌ನ ಪಿಂಚಣಿ ಲೆಕ್ಕಪತ್ರ ಕಚೇರಿಯಿಂದ ಸೀದಾ ಖಾತೆಗೆ ಹಣ. ಇದನ್ನು ಪೂರ್ತಿ ಬೈಯಲಾರೆ. ಒಂದೊಂದು ಬ್ಯಾಂಕು ಒಂದೊಂದು ಲೆಕ್ಕ ಹಾಕಿ ವರ್ಷಗಟ್ಟಲೆ ಕಡಿಮೆ ಕೊಟ್ಟದ್ದನ್ನು ನಾನೇ ಕಂಡಿದ್ದೇನೆ, ಆ ಕಾಟ ತಪ್ಪಿತು. ಆದರೆ ಕಂಪ್ಯೂಟರಿಗೆ ಮುಖ ಗೊತ್ತಿಲ್ಲ, ಅಕ್ಷರ ಮಾತ್ರ ಗೊತ್ತು. ನಲವತ್ತು ವರ್ಷದ ಹಿಂದೆ ಸರ್ಕಾರದ ಕೈಯೇ ಬರೆದ ತಪ್ಪನ್ನು ಇವತ್ತು ಅರವತ್ತೆಂಟು ವರ್ಷದ ಹೆಂಗಸು ಬಸ್ಸು ಹತ್ತಿ ಹೋಗಿ ಸರಿ ಮಾಡಿಸಬೇಕು ಅನ್ನುವುದು ನನಗೆ ಸರಿ ಕಾಣುವುದಿಲ್ಲ. ನೀತಿ ಮಾಡಿದವರು ಇದೊಂದನ್ನು ಮೊದಲೇ ಯೋಚಿಸಬೇಕಿತ್ತು.

ಯಾವುದನ್ನು ತಿದ್ದಬೇಕು?

ಇಲ್ಲೇ ಜನ ಎಡವುವುದು. ಎರಡು ದಾರಿ ಇದೆ.

ಒಂದು, ಆಧಾರನ್ನೇ ‘ಗಂಗೂಬಾಯಿ, 1957’ ಅಂತ ಬದಲಿಸುವುದು. ಬೇಗ ಆಗುತ್ತದೆ ಅಂತ ಎಲ್ಲರೂ ಇದನ್ನೇ ಹೇಳುತ್ತಾರೆ. ಆದರೆ ಅವ್ವನ ಹೊಲದ ಉತಾರ, ರೇಷನ್ ಕಾರ್ಡು, ಮತದಾರರ ಚೀಟಿ, ಬ್ಯಾಂಕ್ ಪಾಸ್‌ಬುಕ್ಕು ಎಲ್ಲಾ ಗಂಗವ್ವ ಅಂತಲೇ ಇರಬೇಕಲ್ಲ? ಆಧಾರ್ ಬದಲಿಸಿದ ದಿನದಿಂದ ಅವೆಲ್ಲಾ ತಾಳೆ ತಪ್ಪುತ್ತವೆ. ಒಂದು ತೂತು ಮುಚ್ಚಲು ಹೋಗಿ ನಾಲ್ಕು ತೂತು. ಜೊತೆಗೆ ಆಧಾರ್‌ನಲ್ಲಿ ಹೆಸರನ್ನು ಜೀವನದಲ್ಲಿ ಎರಡೇ ಸಲ, ಹುಟ್ಟಿದ ದಿನವನ್ನು ಒಂದೇ ಸಲ ಬದಲಿಸಬಹುದು. ಅವಸರದಲ್ಲಿ ಆ ಅವಕಾಶ ಕಳೆದುಕೊಂಡರೆ ಆಮೇಲೆ ತುಂಬಾ ಅಲೆದಾಟ.

ಇನ್ನೊಂದು, ಸೇನೆಯ ದಾಖಲೆಯಲ್ಲಿ ಹೆಸರು ತಿದ್ದಿಸುವುದು. ‘ಗಂಗೂಬಾಯಿ ಮತ್ತು ಗಂಗವ್ವ ಇಬ್ಬರೂ ನಾನೇ’ ಅಂತ ಅವ್ವ ಅಫಿಡವಿಟ್ ಕೊಡಬೇಕು, ಮಾಜಿ ಸೈನಿಕರ ಕೆಲಸ ನೋಡುವ ಜಿಲ್ಲಾ ಸೈನಿಕ ಬೋರ್ಡಿನಲ್ಲಿ ಅದಕ್ಕೆ ದೃಢೀಕರಣ ಮಾಡಿಸಿ ರೆಕಾರ್ಡ್ಸಿಗೆ ಕೊಡಬೇಕು, ಅವರು ತಿದ್ದಿ ಪ್ರಯಾಗರಾಜ್‌ಗೆ ಕಳಿಸುತ್ತಾರೆ. ತಿಂಗಳುಗಟ್ಟಲೆ ಹಿಡಿಯಬಹುದು, ಅದೇ ಇದರ ತೊಂದರೆ. ಆದರೆ ಒಮ್ಮೆ ಆದರೆ ಮತ್ತೆ ಯಾರೂ ಕೇಳುವುದಿಲ್ಲ.

ಹೆಸರಿನ ಮಟ್ಟಿಗೆ ನಾನು ಎರಡನೆಯದನ್ನೇ ಹೇಳುತ್ತೇನೆ. ಹುಟ್ಟಿದ ದಿನದ ವಿಷಯ ಬೇರೆ. ಕುಟುಂಬ ಪಿಂಚಣಿ ಪಡೆಯುವವರಿಗೆ 80 ತುಂಬಿದಾಗ ಮೂಲ ಪಿಂಚಣಿಯ ಶೇ. 20 ಹೆಚ್ಚು ಬರುತ್ತದೆ, 85ಕ್ಕೆ ಶೇ. 30, 90ಕ್ಕೆ ಶೇ. 40, ಹೀಗೆ ಏರುತ್ತಾ ನೂರಕ್ಕೆ ಇನ್ನೊಂದಷ್ಟೇ ಪಿಂಚಣಿ. 1957 ನಿಂತರೆ ಅವ್ವನಿಗೆ 2037ರಲ್ಲಿ ಅದು ಶುರು, 1961 ಅಂತ ಆದರೆ 2041ರವರೆಗೆ ಕಾಯಬೇಕು. ನಾಲ್ಕು ವರ್ಷ! ಹಾಗಾಗಿ ರೆಕಾರ್ಡ್ಸಿನಲ್ಲಿ ಹೆಸರು ತಿದ್ದಿಸುವ ಭರದಲ್ಲಿ ‘ವಯಸ್ಸೂ ಆಧಾರ್ ಪ್ರಕಾರ ಮಾಡಿ’ ಅಂತ ಬರೆದುಕೊಡಬೇಡಿ. ಬದಲಿಗೆ ಅವ್ವ ಒಂದೆರಡು ಕ್ಲಾಸಾದರೂ ಓದಿದ್ದರೆ ಆ ಶಾಲೆಯ ದಾಖಲೆ ಹುಡುಕಿಸಿ. 1957 ಅಂತ ಸಿಕ್ಕರೆ ಆಧಾರ್‌ನ ಆ ಒಂದೇ ಅವಕಾಶವನ್ನು ಅದಕ್ಕೆ ಬಳಸಿ. ನಿಜವಾಗಿ 1961 ಅಂತಲೇ ಸಿಕ್ಕರೆ ಅದೇ ಇರಲಿ, ಸುಳ್ಳು ವಯಸ್ಸು ಬರೆಸಿ ಅಂತ ನಾನು ಹೇಳುತ್ತಿಲ್ಲ.

ಇನ್ನೊಂದು ಕಾಗದ ಯಾರೂ ನೋಡುವುದಿಲ್ಲ, ಅಪ್ಪನ ಮರಣ ಪ್ರಮಾಣಪತ್ರ. ಅದರಲ್ಲಿ ಅಪ್ಪನ ಹೆಸರು ಡಿಸ್ಚಾರ್ಜ್ ಬುಕ್ಕಿನಲ್ಲಿ ಇದ್ದ ಹಾಗೇ ಇದೆಯಾ? ಮನೆಯಲ್ಲಿ ಬಸಪ್ಪ, ಸೇನೆಯಲ್ಲಿ ಬಸವಂತಪ್ಪ ಅಂತ ಇದ್ದು, ಇಡೀ ಅರ್ಜಿ ಅಲ್ಲೇ ಸಿಕ್ಕಿಬಿದ್ದದ್ದು ಬೇಕಾದಷ್ಟಿದೆ. ತಪ್ಪಿದ್ದರೆ ಮೊದಲು ನೋಂದಣಿ ಮಾಡಿದ ಕಡೆಯೇ ತಿದ್ದಿಸಿ.

ಎಲ್ಲಿಗೆ ಹೋಗಬೇಕು

ಒಂದು ವಿಷಯದಲ್ಲಿ ನೀವು ಪುಣ್ಯವಂತರು. ಮರಾಠಾ ಲೈಟ್ ಇನ್‌ಫೆಂಟ್ರಿಯ ರೆಕಾರ್ಡ್ಸ್ ಇರುವುದು ಬೆಳಗಾವಿಯಲ್ಲೇ, ಸೈನಿಕ ಬೋರ್ಡೂ ಅಲ್ಲೇ, ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆ ಮನೆ. ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಆಗಿದ್ದರೆ ಬೆಂಗಳೂರು, ತೋಪುಖಾನೆಯವರಾದರೆ ನಾಸಿಕ್, ಸಿಗ್ನಲ್ಸ್ ಆದರೆ ಜಬಲ್ಪುರ. ಅವರಿಗೆಲ್ಲಾ ಅಂಚೆಯೇ ಗತಿ.

ಮೊದಲ ಕೆಲಸ ಸಾವಿನ ವಿಷಯ ತಿಳಿಸುವುದು. ಸ್ಪರ್ಶ್ ಜಾಲತಾಣದಲ್ಲಿ ಲಾಗಿನ್ ಇಲ್ಲದೆಯೇ ತಿಳಿಸುವ ಜಾಗ ಇದೆ. ನಿಮಗೆ ಆಗದಿದ್ದರೆ ಹತ್ತಿರದ ಸಾಮಾನ್ಯ ಸೇವಾ ಕೇಂದ್ರದಲ್ಲೋ, ಸ್ಪರ್ಶ್ ಸೇವೆ ಇರುವ ಬ್ಯಾಂಕ್ ಶಾಖೆಯಲ್ಲೋ ಮಾಡಿಸಿ. ಇದಕ್ಕೆ ಪಿಂಚಣಿದಾರರು ದುಡ್ಡು ಕೊಡಬೇಕಿಲ್ಲ, ಸೇವಾ ಶುಲ್ಕವನ್ನು ಇಲಾಖೆಯೇ ಭರಿಸುತ್ತದೆ. ಅಪ್ಪನ ಮೊಬೈಲ್ ಸಿಮ್ ಸದ್ಯಕ್ಕೆ ಬಂದ್ ಮಾಡಿಸಬೇಡಿ, ಏನಾದರೂ ಸಂದೇಶ ಬಂದರೆ ಅದಕ್ಕೇ ಬರುತ್ತದೆ. ಅದೇ ವಾರ ಸೈನಿಕ ಬೋರ್ಡಿಗೆ ಅವ್ವನನ್ನು ಕರೆದುಕೊಂಡು ಹೋಗಿ. ಮರಣ ಪ್ರಮಾಣಪತ್ರ, ಪಿಪಿಓ (ಪಿಂಚಣಿ ಮಂಜೂರಾದ ಆದೇಶಪತ್ರ), ಡಿಸ್ಚಾರ್ಜ್ ಬುಕ್, ಅವ್ವನ ಆಧಾರ್, ಪ್ಯಾನ್, ಪಾಸ್‌ಬುಕ್, ಇಬ್ಬರೂ ಇರುವ ರೇಷನ್ ಕಾರ್ಡ್, ಜೊತೆಯಲ್ಲಿ ತೆಗೆಸಿದ ಫೋಟೋ ಏನಿದ್ದರೂ ಇರಲಿ. ಅಫಿಡವಿಟ್ ಹೇಗೆ ಬರೆಯಬೇಕು, ಯಾರ ಮುಂದೆ ಸಹಿ ಹಾಕಬೇಕು ಅಂತ ಅಲ್ಲಿ ಕೇಳಿಕೊಂಡೇ ಬರೆಸಿ. ಮೊದಲೇ ಬರೆಸಿಕೊಂಡು ಹೋದರೆ ಎರಡು ಸಲ ಖರ್ಚು. ಯಾವ ಮೂಲ ಕಾಗದವನ್ನೂ ಕೈಬಿಡಬೇಡಿ, ಅದರಲ್ಲೂ ಡಿಸ್ಚಾರ್ಜ್ ಬುಕ್. ಕೊಟ್ಟ ಪ್ರತಿಯೊಂದು ಅರ್ಜಿಯ ನಕಲಿನ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ.

25 ಸಾವಿರದ ಮನುಷ್ಯನೂ ಇದೇ ಕೌಂಟರಿಗೆ ಹೋಗುತ್ತಾನೆ, ಬೇರೆ ಬಾಗಿಲು ಅವನಿಗೂ ಇಲ್ಲ. ಅವನ ಕೈಯಲ್ಲಿ ಅವ್ವನ ಆಧಾರ್, ಖಾತೆ, ಓಟಿಪಿ ಮೂರೂ ಸೇರಿದರೆ ಏನಾಗಬಹುದು ಯೋಚಿಸಿ.

ಎರಡು ಮೂರು ತಿಂಗಳಾದರೂ ಉತ್ತರ ಬರದಿದ್ದರೆ ಕೇಂದ್ರ ಸರ್ಕಾರದ ಪಿಂಚಣಿ ದೂರು ವ್ಯವಸ್ಥೆ ಸಿಪೆನ್‌ಗ್ರಾಮ್ಸ್‌ನಲ್ಲಿ ದೂರು ಹಾಕಿ. ಸಶಸ್ತ್ರ ಪಡೆಗಳ ನ್ಯಾಯಮಂಡಳಿಯೂ ಇದೆ, ಕರ್ನಾಟಕದವರಿಗೆ ಕೊಚ್ಚಿಯ ಪೀಠ. ಆದರೆ ನಿಮ್ಮಂಥ ಹೆಸರಿನ ತಕರಾರಿಗೆ ಅಲ್ಲಿಯವರೆಗೆ ಹೋಗಬೇಕಾಗಿ ಬರುವುದು ಅಪರೂಪ.

ಅಕ್ಕನ ವಿಷಯ

ಇದನ್ನು ಸ್ವಲ್ಪ ಕಟುವಾಗಿಯೇ ಹೇಳಬೇಕು. ಅವ್ವನ ನಂತರ ವಿಧವೆ ಅಥವಾ ವಿಚ್ಛೇದಿತ ಮಗಳಿಗೆ ಕುಟುಂಬ ಪಿಂಚಣಿ ಸಿಗುತ್ತದೆ, 25 ದಾಟಿದ್ದರೂ ಸಿಗುತ್ತದೆ, ಮರುಮದುವೆ ಆಗುವವರೆಗೆ ಅಥವಾ ಅವಳ ಸ್ವಂತ ಆದಾಯ 9,000 ಮತ್ತು ಅದರ ತುಟ್ಟಿಭತ್ಯೆಯ ಮಟ್ಟ ಮುಟ್ಟುವವರೆಗೆ. ಆದರೆ ‘ಬಿಟ್ಟು ಬಂದವಳು’ ಅನ್ನುವುದು ಲೆಕ್ಕಕ್ಕಿಲ್ಲ. ಹಿರಿಯರ ಮುಂದೆ ಆದ ಸೋಡಚೀಟಿ ತೋರಿಸಿದರೂ ಪಿಂಚಣಿ ಕಚೇರಿಯಲ್ಲಿ ನಡೆಯುವುದಿಲ್ಲ, ಕೋರ್ಟಿನ ಡಿಕ್ರಿ ಕೇಳುತ್ತಾರೆ. ಮುಖ್ಯವಾದ ಗೆರೆ ಏನಂದರೆ, ವಿಚ್ಛೇದನ ಅವ್ವ ಬದುಕಿರುವಾಗಲೇ ಆಗಿರಬೇಕು, ಕನಿಷ್ಠ ಕೋರ್ಟಿನಲ್ಲಿ ಅರ್ಜಿಯಾದರೂ ಬಿದ್ದಿರಬೇಕು. ಅವ್ವ ಹೋದ ಮೇಲೆ ಹಾಕಿದ ಅರ್ಜಿಯಿಂದ ಏನೂ ಆಗುವುದಿಲ್ಲ.

ಪಿಂಚಣಿಗೋಸ್ಕರ ಸಂಸಾರ ಮುರಿಯಿರಿ ಅಂತ ನಾನು ಹೇಳಲಾರೆ. ಅಕ್ಕನಿಗೆ ಆ ಮನೆಗೆ ವಾಪಸ್ ಹೋಗುವ ಯೋಚನೆ ಇದೆಯಾ ಇಲ್ವಾ ಅಂತ ಅವಳನ್ನೇ ಕೇಳಿ, ನೀವು ತೀರ್ಮಾನ ಮಾಡಬೇಡಿ. ಇಲ್ಲ ಅಂದರೆ ವಕೀಲರನ್ನು ಈ ವರ್ಷವೇ ನೋಡಿ, ಜೀವನಾಂಶದ ವಿಷಯವನ್ನೂ ಅಲ್ಲೇ ಕೇಳಿ.

ಮಗನಾದ ನಿಮಗೆ 25 ದಾಟಿದೆ, ಹಾಗಾಗಿ ಪಿಂಚಣಿಯಲ್ಲಿ ಪಾಲಿಲ್ಲ. ಕೇಂದ್ರೀಯ ಸೈನಿಕ ಬೋರ್ಡಿನ ಶಿಕ್ಷಣ ಸಹಾಯಧನ 2025ರ ನವೆಂಬರ್‌ನಿಂದ ಒಂದು ಮಗುವಿಗೆ ತಿಂಗಳಿಗೆ 2,000 ಆಗಿದೆ, ಆದರೆ ಅದು ಸೈನಿಕನ ಮಕ್ಕಳಿಗೆ, ನಿಮ್ಮ ಮಕ್ಕಳಿಗಲ್ಲ. ಅದೇ ಸಲ 8,000ಕ್ಕೆ ಏರಿದ ಬಡತನದ ಸಹಾಯಧನ ಪೆನ್ಷನ್ ಇಲ್ಲದ ಮಾಜಿ ಸೈನಿಕರಿಗೆ ಮತ್ತು ಅಂಥವರ ವಿಧವೆಯರಿಗೆ. ಅವ್ವನಿಗೆ ಪಿಂಚಣಿ ಬರುವುದರಿಂದ ಅದಕ್ಕೆ ಅರ್ಜಿ ಹಾಕಿ ಅಲೆಯಬೇಡಿ.

ಆದರೆ ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಬಿಡಬೇಡಿ. ಅಪ್ಪನ ಹೆಸರಿನ ಕಾರ್ಡ್ ಇತ್ತಾ? ಇದ್ದರೆ ಅವ್ವನೇ ಮುಖ್ಯ ಸದಸ್ಯೆ ಆಗುವ ಹಾಗೆ ಬದಲಿಸಿ. ಇರಲೇ ಇಲ್ಲ ಅಂದರೂ ಕುಟುಂಬ ಪಿಂಚಣಿ ಶುರುವಾದ ಮೇಲೆ ಅವ್ವ ಸೇರಬಹುದು. 1996ರ ಜನವರಿ 1ಕ್ಕಿಂತ ಮುಂಚೆ ನಿವೃತ್ತಿಯಾದವರಿಗೆ ವಂತಿಗೆ ಮಾಫಿ, ನಿಮ್ಮ ಅಪ್ಪ 1994, ಹಾಗಾಗಿ ದುಡ್ಡು ಕೇಳಿದರೆ ಈ ಮಾತು ನೆನಪಿಸಿ.

ಅವ್ವನ ಹೆಸರಿನ ಹೊಸ ಪಿಪಿಓ ಬಂದ ದಿನ ಎಷ್ಟು ಹಣ ಅಂತ ಮಾತ್ರ ನೋಡಿ ಮಡಚಿಡಬೇಡಿ. ಹೆಸರು, ಹುಟ್ಟಿದ ದಿನ, ಅಪ್ಪನ ರ‍್ಯಾಂಕು, ಗ್ರೂಪು, ಸೇವೆಯ ವರ್ಷ, ಈ ಐದನ್ನು ಡಿಸ್ಚಾರ್ಜ್ ಬುಕ್ ಪಕ್ಕದಲ್ಲಿಟ್ಟು ಒಂದೊಂದಾಗಿ ತಾಳೆ ನೋಡಿ. ಹವಾಲ್ದಾರ್ ಬದಲು ನಾಯಕ್ ಅಂತ ಬಂದದ್ದು, 22 ವರ್ಷ ಇದ್ದದ್ದು 20 ಆದದ್ದು ನಾನು ನೋಡಿದ್ದೇನೆ. ಹಾಗೇನಾದರೂ ಇದ್ದರೆ ಅದೇ ವಾರ ರೆಕಾರ್ಡ್ಸಿಗೆ ಬರೆಯಿರಿ, ಡಿಸ್ಚಾರ್ಜ್ ಬುಕ್ಕಿನ ಆ ಪುಟದ ನಕಲು ಜೊತೆಗಿಟ್ಟು.